ಡಾಕ್ಟರ್ ಒಂದು ಹೇಳುತ್ತಾರೆ, ಶಾಲೆ ಇನ್ನೊಂದು. ಇದನ್ನೆಲ್ಲ ಒಟ್ಟು ಸೇರಿಸುವವರು ಯಾರು?

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಮಗನಿಗೆ 16 ತುಂಬಿ ಐದು ತಿಂಗಳಾಯಿತು. ಆಟಿಸಂ ಇದೆ, ಬುದ್ಧಿ ಬೆಳವಣಿಗೆಯೂ ಸ್ವಲ್ಪ ಹಿಂದೆ. ಮಾತಾಡುತ್ತಾನೆ, ಆದರೆ ತನಗೆ ಬೇಕಾದಷ್ಟೇ. ಲೋಕಲ್ ಟ್ರೇನ್ ವಿಷಯ ತೆಗೆದರೆ ಮಾತ್ರ ನಿಲ್ಲಿಸುವುದಿಲ್ಲ. ಕಲ್ಯಾಣದಿಂದ ವಿಟಿವರೆಗೆ ಒಂದೊಂದೇ ಸ್ಟೇಷನ್ ಹೇಳುತ್ತಾನೆ, ನಡುವೆ ನಾವು ಮಾತಾಡಿದರೆ ಮತ್ತೆ ಕಲ್ಯಾಣದಿಂದ ಶುರು.

ಈಗ ವಿಷಯಕ್ಕೆ ಬರುತ್ತೇನೆ. ಅವನ ಡಾಕ್ಟರ್ ದಾದರ್ ಕಡೆ, ಓಟಿ (ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿ) ಥಾಣೆಯಲ್ಲಿ, ಸ್ಪೀಚ್ ಥೆರಪಿ ಮನೆ ಹತ್ತಿರ, ಶಾಲೆ ಇನ್ನೊಂದು ದಿಕ್ಕು. ಇವರಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿಲ್ಲ. ಹೋದ ತಿಂಗಳು ಡಾಕ್ಟರ್ ಮಾತ್ರೆ ಬದಲಾಯಿಸಿದರು. ಅವನು ಮಧ್ಯಾಹ್ನ ತೂಕಡಿಸತೊಡಗಿದ. ಶಾಲೆಯವರು ಸೋಮಾರಿ ಆಗಿದ್ದಾನೆ ಅಂದರು. ಓಟಿಯವರು ಸೆನ್ಸರಿ ಸಮಸ್ಯೆ (ಸದ್ದು, ಬೆಳಕು, ಸ್ಪರ್ಶದ ತೊಂದರೆ) ಜಾಸ್ತಿಯಾಗಿದೆ, ವಾರಕ್ಕೆ ಇನ್ನೊಂದು ಸೆಷನ್ ಬೇಕು ಅಂದರು. ಸ್ಪೀಚ್‌ನವರು ಮನೆಯಲ್ಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂದರು. ಮಾತ್ರೆ ಬದಲಾದದ್ದು ನನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ತೂಕಡಿಕೆ ಆ ಮಾತ್ರೆಯದ್ದು ಅಂತ ನನಗೂ ಹೊಳೆದದ್ದು ಮೂರು ವಾರದ ಮೇಲೆ, ರಾತ್ರಿ ಪಾತ್ರೆ ತೊಳೆಯುವಾಗ.

ನನ್ನ ಪ್ರಶ್ನೆ ಇಷ್ಟೇ. ಇದನ್ನೆಲ್ಲ ಒಂದು ಕಡೆ ಸೇರಿಸಿ ನೋಡುವ ಒಬ್ಬ ಮನುಷ್ಯನೋ ಒಂದು ಆಫೀಸೋ ಮುಂಬಯಿಯಲ್ಲಿ ಇದೆಯಾ? ಇನ್ನೊಂದು, 18 ಆಗುವ ಮೊದಲು ಏನೋ ಕಾಗದ ಪತ್ರ ಮಾಡಿಸಬೇಕಂತೆ. ಏನದು?

ಖಾರ್ಘರ್ ಟೀಚರ್:
ಅಕ್ಕ, ನಾನು ಸ್ಪೆಷಲ್ ಎಜುಕೇಟರ್, 14 ವರ್ಷದಿಂದ ಇದೇ ಕೆಲಸ. ನೇರವಾಗಿ ಹೇಳುತ್ತೇನೆ, ಆ ಒಬ್ಬ ಮನುಷ್ಯ ನೀವೇ. ಕೇಳಲು ಕಷ್ಟ, ಗೊತ್ತು.

ಒಂದೇ ಸೂರಿನಡಿ ಡಾಕ್ಟರ್, ಓಟಿ, ಸ್ಪೀಚ್ ಎಲ್ಲ ಸಿಗುವ ಜಾಗಗಳು ಇವೆ, ಇಲ್ಲವೆಂದಲ್ಲ. ಮುಂಬಯಿಯಲ್ಲಿ ಉಮ್ಮೀದ್ ಎಂಬ ಸಂಸ್ಥೆ 2001ರಿಂದ ಮಕ್ಕಳ ಬೆಳವಣಿಗೆಯ ಕೆಲಸವನ್ನು ಹೀಗೆ ತಂಡವಾಗಿಯೇ ಮಾಡುತ್ತಿದೆ. ಶಿವಡಿಯ ಜೈ ವಕೀಲ್ ಸಂಸ್ಥೆ 1944ರಿಂದ ಇದೆ, ಶಾಲೆ ಮಾತ್ರವಲ್ಲ, ದೊಡ್ಡವರಿಗೆ ಕೆಲಸ ಕಲಿಸುವುದೂ ಇದೆ. ನಮ್ಮ ಖಾರ್ಘರ್‌ನಲ್ಲಿ ಎನ್‌ಐಇಪಿಐಡಿಯ ಪ್ರಾದೇಶಿಕ ಕೇಂದ್ರ ಇದೆ, ಬುದ್ಧಿಮಾಂದ್ಯತೆ ಇರುವವರಿಗಾಗಿ ಸಿಕಂದರಾಬಾದ್‌ನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯದು. ಆದರೆ ಡೊಂಬಿವಲಿಯಿಂದ ವಾರಕ್ಕೆ ಮೂರು ದಿನ ಶಿವಡಿಗೆ ಬನ್ನಿ ಅಂತ ನಾನು ಹೇಳಲಾರೆ. ಅದಕ್ಕೇ ತಾನೇ ಎಲ್ಲರೂ ಮನೆ ಹತ್ತಿರ ಒಂದೊಂದು ತುಂಡು ಹುಡುಕಿಕೊಳ್ಳುವುದು.

ಹಾಗಾಗಿ ವರ್ಷಕ್ಕೆ ಒಂದು ಸಲ ಇಂಥ ಜಾಗದಲ್ಲಿ ಪೂರ್ತಿ ತಪಾಸಣೆ ಮಾಡಿಸಿ ರಿಪೋರ್ಟ್ ತನ್ನಿ. ದಿನದಿನದ್ದು ಹತ್ತಿರದಲ್ಲೇ ನಡೆಯಲಿ. ಆ ರಿಪೋರ್ಟಿನ ಜೆರಾಕ್ಸ್ ಎಲ್ಲರ ಕೈಗೂ ಕೊಡಿ, ಕೇಳದಿದ್ದರೂ ಕೊಡಿ. ಮಾತ್ರೆ ಬದಲಾದ ದಿನವೇ ಮೂರೂ ಕಡೆಗೆ ಒಂದೇ ಮೆಸೇಜ್: "ಇವತ್ತಿನಿಂದ ಹೊಸ ಮಾತ್ರೆ. ಎರಡು ವಾರ ನಿದ್ದೆ, ಹಸಿವು, ಸಿಟ್ಟು ಹೇಗಿದೆ ನೋಡಿ ಹೇಳಿ." ಇಷ್ಟು ಸಾಕು. ಟೀಚರಾಗಿ ಹೇಳುತ್ತೇನೆ, ಇಂಥ ಮೆಸೇಜ್ ಬಂದರೆ ನಾವು ಮಗುವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಮತ್ತೆ ಕನ್ನಡ ಬಿಡಬೇಡಿ. ಈ ಸಲಹೆ ಇನ್ನೂ ಕೊಡುತ್ತಾರಾ ಅಂತ ಬೇಜಾರಾಯಿತು. ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿ ಕನ್ನಡದವರು, ಅಪ್ಪ ಅಮ್ಮ ಜಗಳ ಆಡುವುದು ಕನ್ನಡದಲ್ಲಿ, ಇವನ ಜೊತೆ ಮಾತ್ರ ತೊದಲು ಇಂಗ್ಲಿಷ್. ಹಾಗಾದರೆ ಅವನು ಮನೆಯಲ್ಲೇ ಹೊರಗಿನವನಾಗುತ್ತಾನೆ.

ಚೆಂಬೂರು ಹೋಟೆಲ್‌ನವ:
ಟೀಚರ್ ಹೇಳಿದ್ದು ಸರಿ ಮಾರಾಯ್ರೆ. ನನ್ನ ಅಣ್ಣನ ಮಗಳಿಗೆ ಮನೆಯಲ್ಲಿ ತುಳು ನಿಲ್ಲಿಸಿ ಹಿಂದಿ ಶುರು ಮಾಡಿದ್ದರು. ಹುಡುಗಿ ಎರಡು ವರ್ಷ ಅಜ್ಜಿ ಹತ್ತಿರ ಹೋಗಲೇ ಇಲ್ಲ. ಅಜ್ಜಿಗೆ ಹಿಂದಿಯಲ್ಲಿ ಬರುತ್ತಿದ್ದದ್ದು "ಕಿತ್ನಾ" ಒಂದೇ. ಈಗ ಮತ್ತೆ ತುಳುವಿಗೆ ಬಂದಿದ್ದಾರೆ, ಇಬ್ಬರೂ ಸೇರಿ ಸೀರಿಯಲ್ ನೋಡುತ್ತಾರೆ.

ಮುಲುಂಡ್ ಮಾಮ:
ನನ್ನ ಮಗನಿಗೆ 27. ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ನಮ್ಮ ಮನೆಯಲ್ಲೂ ಎಲ್ಲ ಸೇರಿಸುತ್ತಿದ್ದವಳು ನನ್ನ ಹೆಂಡತಿ. ಯಾವ ಡಾಕ್ಟರ್ ಯಾವ ವಾರ, ಯಾವ ಮಾತ್ರೆ ಅರ್ಧ, ಯಾವುದು ಪೂರ್ತಿ, ಯಾವ ರಿಕ್ಷಾದವನ ಜೊತೆ ಅವನು ಹತ್ತುತ್ತಾನೆ, ಯಾವ ಬಣ್ಣದ ತಟ್ಟೆಯಲ್ಲಿ ಹಾಕಿದರೆ ಊಟ ಮಾಡುವುದಿಲ್ಲ, ಎಲ್ಲವೂ ಅವಳ ತಲೆಯಲ್ಲಿ. ನಾನು ಫೀಸು ಕಟ್ಟುತ್ತಿದ್ದೆ, ಅಷ್ಟಕ್ಕೇ ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಅವಳು ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್, ಒಂಬತ್ತು ದಿನ ಆಸ್ಪತ್ರೆ. ಮೊದಲ ರಾತ್ರಿಯೇ ಮಗನ ಮಾತ್ರೆ ಡಬ್ಬಿ ಎದುರು ಕೂತೆ. ಐದು ಬಗೆಯ ಮಾತ್ರೆ. ಒಂದು ಪೈಸೆ ಹೆಚ್ಚುಕಮ್ಮಿ ಇಲ್ಲದೆ ಬ್ಯಾಂಕಿನ ಲೆಕ್ಕ ಹೊಂದಿಸಿದವನಿಗೆ ಮಗನ ಮಾತ್ರೆ ಯಾವುದು ಅಂತ ಗೊತ್ತಿಲ್ಲ. ಅವಳಿಗೆ ಫೋನ್ ಮಾಡಿದರೆ ಅರಿವಳಿಕೆಯ ಮಂಪರು. ಅವತ್ತು ಒಂದು ಡೋಸ್ ತಪ್ಪಿತು, ಮರುದಿನ ಅವನಿಗೆ ಫಿಟ್ಸ್ ಬಂತು. ಪಕ್ಕದ ಮನೆಯವರು ಓಡಿಬಂದು ಕಬ್ಬಿಣದ ಕೀಲಿಕೈ ಹಿಡಿಸಿ ಅಂದರು, ನಾನೂ ಹಿಡಿಸಿದೆ.

ಆಮೇಲೆ ಡಾಕ್ಟರ್ ಬೈದು ತಿಳಿಸಿದರು. ಕೀಲಿಕೈ, ಈರುಳ್ಳಿ ಯಾವುದೂ ಬೇಡ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು.

ಅದಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಒಂದು ಹಾಳೆ. ಒಂದೇ ಹಾಳೆ, ಎರಡೂ ಬದಿ. ಮುಂದೆ ಅವನ ಫೋಟೋ, ರಕ್ತದ ಗುಂಪು, ಮಾತ್ರೆ ಮತ್ತು ಹೊತ್ತು, ಫಿಟ್ಸ್ ಬಂದರೆ ಏನು ಮಾಡಬೇಕು, ಡಾಕ್ಟರ್ ನಂಬರ್. ಹಿಂದೆ ಅವನ ಬಗ್ಗೆ: ಮುಟ್ಟುವ ಮೊದಲು ಹೇಳಿ, ಮಿಕ್ಸರ್ ಸದ್ದಿಗೆ ಕಿರುಚುತ್ತಾನೆ, ಹಸಿವಾದರೆ ಹೇಳುವುದಿಲ್ಲ, ಕೈ ಕಚ್ಚಿಕೊಳ್ಳುತ್ತಾನೆ. ಇದರ ಪ್ರತಿ ಫ್ರಿಜ್ ಮೇಲೆ ಒಂದು, ನನ್ನ ಪರ್ಸಿನಲ್ಲಿ ಒಂದು, ನನ್ನ ತಂಗಿಯ ಮನೆಯಲ್ಲಿ ಒಂದು, ಸೊಸೈಟಿಯ ವಾಚ್‌ಮನ್ ಹತ್ತಿರ ಮರಾಠಿಯಲ್ಲಿ ಒಂದು. ತಿಂಗಳ ಒಂದನೇ ತಾರೀಕು, ಪಿಂಚಣಿ ಬಂದ ದಿನ, ಅದನ್ನು ಓದಿ ತಿದ್ದುತ್ತೇನೆ.

ತಾಯೀ, ಟೀಚರ್ ಹೇಳಿದ ಹಾಗೆ ಆ ಮನುಷ್ಯ ನೀವೇ, ಒಪ್ಪಿದೆ. ಆದರೆ ನೀವು ಒಬ್ಬರೇ ಆಗಬೇಡಿ. ಯಜಮಾನರು ಇಲ್ಲಿ ಓದುತ್ತಾರಾ? ಓದದಿದ್ದರೆ ಇದನ್ನು ಅವರಿಗೆ ಕಳಿಸಿ.

ಮೀರಾರೋಡ್ ಅಪ್ಪ:
ಮಾಮ, ಅಪ್ಪಂದಿರ ಮೇಲೆ ಎಲ್ಲರೂ ಬೀಳುತ್ತೀರಿ. ನಾನು ಬೆಳಿಗ್ಗೆ 6.40ರ ಟ್ರೇನ್ ಹಿಡಿದು ಹೊರಟರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ದುಡ್ಡು ಬರದಿದ್ದರೆ ಓಟಿಯೂ ಇಲ್ಲ ಸ್ಪೀಚೂ ಇಲ್ಲ. ನಮ್ಮಲ್ಲಿ ಒಂದು ಸೆಷನ್‌ಗೆ 900, ವಾರಕ್ಕೆ ನಾಲ್ಕು, ಲೆಕ್ಕ ಹಾಕಿ. ಸರ್ಕಾರದಿಂದ ಏನಾದರೂ ಸಿಗುತ್ತದಾ, ಅದನ್ನು ಹೇಳಿ ಯಾರಾದರೂ. ಪ್ರೀತಿ ವಾತ್ಸಲ್ಯ ಎಲ್ಲ ನಮ್ಮ ಹತ್ತಿರವೂ ಇದೆ.

ಮುಲುಂಡ್ ಮಾಮ:
ಸಿಟ್ಟು ಬೇಡ ಮಗಾ, ನಾನು ಬೈದದ್ದು ನನಗೇ.

ದುಡ್ಡಿನ ಮಾತು ನನಗೆ ಗೊತ್ತಿದೆ, ಹೇಳುತ್ತೇನೆ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ. ಅಂಗವೈಕಲ್ಯ 40 ಶೇಕಡಾ ಇದ್ದರೆ ಹೆಚ್ಚಿನ ಬಾಗಿಲು ತೆರೆಯುತ್ತವೆ. ಕಾರ್ಡಿನ ಪಟ್ಟಿ ಹಳದಿ ಇದ್ದರೆ 40ರಿಂದ 80ರ ಒಳಗೆ, ನೀಲಿ ಇದ್ದರೆ 80 ಮತ್ತು ಮೇಲೆ. ಆಟಿಸಂಗೆ ಐಎಸ್‌ಎಎ ಅಂತ 40 ಪ್ರಶ್ನೆಗಳ ಅಳತೆ ಇದೆ, ಅದು ನಮ್ಮ ದೇಶದಲ್ಲೇ ತಯಾರಾದದ್ದು. ಆ ಪರೀಕ್ಷೆಯ ದಿನ ಮಗ ಖುಷಿಯಲ್ಲಿದ್ದು ಚೆನ್ನಾಗಿ ಉತ್ತರ ಕೊಟ್ಟ ಅಂತ ಬೀಗಬೇಡಿ, ಪ್ರತಿದಿನ ಹೇಗಿರುತ್ತಾನೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ನಾವು ಮರ್ಯಾದೆಗೆ ಅಂಜಿ "ಸ್ನಾನ ತಾನೇ ಮಾಡುತ್ತಾನೆ" ಅಂದಿದ್ದೆವು. ನೀರು ಕಾಯಿಸಿ, ಬಿಸಿ ನೋಡಿ, ಸೋಪು ಹಚ್ಚಿ, ಒರೆಸುವವಳು ನನ್ನ ಹೆಂಡತಿ, ಅವನು ನಿಲ್ಲುತ್ತಾನೆ, ಅಷ್ಟೇ.

ಆಮೇಲೆ ನಿರಾಮಯ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧದ ಅಂಗವೈಕಲ್ಯ, ಈ ನಾಲ್ಕಕ್ಕೆ. ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಥೆರಪಿ ಖರ್ಚೂ ಬರುತ್ತದೆ, ಅದಕ್ಕೆ ಒಳಗೆ ಒಂದು ಮಿತಿ ಇದೆ. ಮೊದಲು ನಾವು ಕಟ್ಟಬೇಕು, ಆಮೇಲೆ ಬಿಲ್ಲು ಕಳಿಸಬೇಕು. ಹಾಗಾಗಿ ಸೆಷನ್‌ಗೆ ರಸೀದಿ ಕೇಳಿ, ಚೀಟಿಯಲ್ಲಿ ಬರೆದುಕೊಟ್ಟದ್ದು ನಡೆಯುವುದಿಲ್ಲ. ವರ್ಷ ವರ್ಷ ನವೀಕರಿಸಲು ಮರೆಯಬೇಡಿ, ನಾನು ಒಮ್ಮೆ ಮರೆತಿದ್ದೆ.

ಆದಾಯ ತೆರಿಗೆಯಲ್ಲಿ ನಾವು 80 ಡಿಡಿ ಸೆಕ್ಷನ್ ಅಂತ ಆದಾಯದಿಂದ ಕಳೆಯುತ್ತಿದ್ದದ್ದು 75,000, ತೀವ್ರವಾಗಿದ್ದರೆ 1,25,000. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಆಫೀಸಿನ ಹುಡುಗರು ಹೇಳಿದರು ಅಂತ ಸುಮ್ನೆ ಹೊಸದಕ್ಕೆ ಹಾರಿದರೆ ಇದು ಹೋಗುತ್ತದೆ. ಎರಡೂ ಲೆಕ್ಕ ಹಾಕಿ ನೋಡಿ.

ಬುದ್ಧಿಮಾಂದ್ಯತೆ ಇರುವವರಿಗೆ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿಗೆ 75 ಶೇಕಡಾ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಸರ್ಕಾರಿ ಡಾಕ್ಟರ್ ರೈಲ್ವೆಯ ನಮೂನೆಯಲ್ಲೇ ಬರೆದುಕೊಡಬೇಕು. ನಾವು ಪ್ರತಿವರ್ಷ ಮತ್ಸ್ಯಗಂಧದಲ್ಲಿ ಊರಿಗೆ ಹೋಗುವುದು ಇದರಲ್ಲೇ.

ಮೀರಾರೋಡ್ ಅಪ್ಪ:
ನಿರಾಮಯ ಗೊತ್ತೇ ಇರಲಿಲ್ಲ. ಏಳು ವರ್ಷ. ಥ್ಯಾಂಕ್ಸ್ ಮಾಮ.

ಖಾರ್ಘರ್ ಟೀಚರ್:
ಇದೇ ನನಗೆ ಸಿಟ್ಟು ಬರಿಸುವುದು. ಏಳು ವರ್ಷದಲ್ಲಿ ಎಷ್ಟು ಡಾಕ್ಟರು, ಥೆರಪಿಸ್ಟು, ನನ್ನಂಥ ಟೀಚರುಗಳು ಇವರ ಫೈಲ್ ತೆರೆದು ಮುಚ್ಚಿರಬೇಕು. ಒಬ್ಬರೂ ಹೇಳಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಳ್ಳುತ್ತೇವೆ.

ಡೊಂಬಿವಲಿ ಅಮ್ಮ:
ಮಾಮ ಬರೆದದ್ದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮಾತ್ರೆ ಡಬ್ಬಿ ತೆಗೆದು ನೋಡಿದರು. 18ರ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಶಾಲೆಯವರು ಹತ್ತನೇ ಕ್ಲಾಸಿಗೆ ಓಪನ್ ಸ್ಕೂಲ್‌ಗೆ ಹಾಕಿ ಅಂತಲೂ ಹೇಳುತ್ತಿದ್ದಾರೆ, ನಮ್ಮನ್ನು ಸಾಗಹಾಕಲು ಅಂತ ನನಗೆ ಅನುಮಾನ.

ಖಾರ್ಘರ್ ಟೀಚರ್:
ಸಾಗಹಾಕಲು ಇರಬಹುದು, ಆದರೂ ಎನ್‌ಐಒಎಸ್ (ರಾಷ್ಟ್ರೀಯ ಓಪನ್ ಸ್ಕೂಲ್) ಕೆಟ್ಟದ್ದಲ್ಲ. ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷ ಸಮಯ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಭಾಷೆಗಳಲ್ಲಿ ಕನ್ನಡವೂ ಇದೆ. ಸ್ಟೇಟ್ ಬೋರ್ಡಿನಲ್ಲೂ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಎಲ್ಲ ಸಿಗುತ್ತದೆ, ಮೊದಲೇ ಅರ್ಜಿ ಹಾಕಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40 ಶೇಕಡಾ ಅಂಗವೈಕಲ್ಯ ಇರುವ ಮಗುವಿಗೆ 18ರವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಶಾಲೆಯವರಿಗೆ ಇದನ್ನು ಬಾಯಲ್ಲಿ ಹೇಳಬೇಡಿ, ಪತ್ರದಲ್ಲಿ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಬಿದ್ದರೆ ಮಾತಿನ ದನಿ ಇಳಿಯುತ್ತದೆ. ಆದರೆ ಅಕ್ಕ, ನಿಮ್ಮ ಮಗನಿಗೆ ಬೀಜಗಣಿತ ಬೇಕಾ, ಒಬ್ಬನೇ ಲೋಕಲ್ ಹತ್ತಿ ಇಳಿಯುವುದು ಬೇಕಾ? ಸ್ಟೇಷನ್ ಹೆಸರು ಅಷ್ಟು ಬರುತ್ತದೆ ಅಂದಿರಿ. ನಾನಾದರೆ ಅಲ್ಲಿಂದ ಶುರು ಮಾಡುತ್ತಿದ್ದೆ. ದಿವ್ಯಾಂಗರ ಡಬ್ಬಿ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಲ್ಲುತ್ತದೆ, ಪಾಸ್ ಯಾವಾಗ ತೋರಿಸಬೇಕು, ತಪ್ಪು ಸ್ಟೇಷನ್‌ನಲ್ಲಿ ಇಳಿದರೆ ಯಾರನ್ನು ಕೇಳಬೇಕು.

ಮುಲುಂಡ್ ಮಾಮ:
18ರ ವಿಷಯ. 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅವನು ದೊಡ್ಡವನು, ನೀವು ಅವನ ಪೋಷಕರಲ್ಲ (ಗಾರ್ಡಿಯನ್ ಅಲ್ಲ). ಬ್ಯಾಂಕು ಅವನ ಸಹಿ ಕೇಳುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ ಇದೆ, ಅಧ್ಯಕ್ಷರು ಕಲೆಕ್ಟರ್. ಅಲ್ಲಿ ಅರ್ಜಿ ಹಾಕಿದರೆ ಪೋಷಕತ್ವದ ಸರ್ಟಿಫಿಕೇಟ್ ಸಿಗುತ್ತದೆ, ಕೋರ್ಟಿಗೆ ಹೋಗಬೇಕಿಲ್ಲ. ನಿಮಗೆ ಥಾಣೆ ಕಲೆಕ್ಟರ್ ಕಚೇರಿ. ನಾವು ಮುಲುಂಡ್‌ನವರು ಥಾಣೆಯಿಂದ ಒಂದೇ ಸ್ಟೇಷನ್ ಆಚೆ ಇದ್ದರೂ ಬಾಂದ್ರಾ ಈಸ್ಟ್‌ಗೆ ಹೋಗಬೇಕು, ಮುಂಬಯಿ ಉಪನಗರ ಜಿಲ್ಲೆ ಬೇರೆ. ನಾನು ಇದು ಗೊತ್ತಿಲ್ಲದೆ ಥಾಣೆಗೆ ಎರಡು ಸಲ ಅಲೆದೆ.

ಸರ್ಟಿಫಿಕೇಟ್ ಸಿಕ್ಕ ಮೇಲೂ ಕೆಲಸ ಇದೆ. ಆರು ತಿಂಗಳೊಳಗೆ ಮಗನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ನಿಮ್ಮಲ್ಲಿ ಯಾರಾದರೂ ಸರ್ಕಾರಿ ನೌಕರಿಯಲ್ಲಿದ್ದರೆ ಕುಟುಂಬ ಪಿಂಚಣಿಗೆ ಮಗನ ಹೆಸರನ್ನು ಈಗಲೇ ಸೇರಿಸಿ. ದುಡಿಯಲಾರದ ಮಗುವಿಗೆ ಅದು ಜೀವನಪೂರ್ತಿ ಸಿಗಬಹುದು. ನಾವು ಹೋದ ಮೇಲೆ ಅವನು ಕಚೇರಿ ಕಚೇರಿ ಅಲೆಯಲು ಆಗುತ್ತದಾ?

ಪುಣೆ ತಂಗಿ:
ಇಲ್ಲಿ ನನ್ನದೊಂದು ತಕರಾರು ಇದೆ. ನನ್ನ ಅಣ್ಣನಿಗೆ 30, ಡೌನ್ ಸಿಂಡ್ರೋಮ್. ಅವನಿಗೆ ಸ್ವಂತ ಬ್ಯಾಂಕ್ ಖಾತೆ ಇದೆ, ಸಹಿ ಹಾಕುತ್ತಾನೆ. ಸಹಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ, ಅದು ನಮ್ಮ ಅಪ್ಪನದೂ ಹಾಗೇ. ಪೋಷಕತ್ವ ತಗೊಂಡರೆ ಎಲ್ಲ ನಿರ್ಧಾರ ನಮ್ಮದು, ಅವನದು ಏನು ಉಳಿಯಿತು? 2016ರ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಅಂತ ಇದೆ. ಯಾವ ನಿರ್ಧಾರಕ್ಕೆ ಬೇಕೋ ಅದಕ್ಕೆ ಮಾತ್ರ, ಇಷ್ಟು ಅವಧಿಗೆ ಮಾತ್ರ, ಅದೂ ಇಬ್ಬರೂ ಕೂತು ಮಾತಾಡಿ. ಎರಡೂ ಕಾಯ್ದೆಯಲ್ಲಿ ಪೋಷಕತ್ವದ ವಿಷಯ ಸೆಕ್ಷನ್ 14ರಲ್ಲೇ ಬರುತ್ತದೆ. ಹಾಗಾಗಿ ಜನ ಗೊಂದಲ ಮಾಡಿಕೊಳ್ಳುತ್ತಾರೆ, ವಕೀಲರೂ ಸೇರಿ.

ಮತ್ತೊಂದು ಮಾತು. ಇಷ್ಟೊತ್ತು ಡಾಕ್ಟರ್, ಶಾಲೆ, ಅಪ್ಪ, ಅಮ್ಮ, ಎಲ್ಲರ ಮಾತೂ ಆಯಿತು. ಆ ಹುಡುಗನನ್ನು ಯಾರಾದರೂ ಕೇಳಿದರಾ? 16 ವರ್ಷದವನು. ಓಟಿ ಇಷ್ಟವಾ ಅಂತ ಕೇಳಿ ನೋಡಿ.

ಮುಲುಂಡ್ ಮಾಮ:
ತಂಗಿ, ನಿನ್ನ ಮಾತು ಒಪ್ಪುತ್ತೇನೆ, ನಿನ್ನ ಅಣ್ಣನಿಗೆ. ನನ್ನ ಮಗನಿಗೆ ಹತ್ತು ರೂಪಾಯಿ ನೋಟಿಗೂ ಐನೂರಕ್ಕೂ ವ್ಯತ್ಯಾಸ ಗೊತ್ತಿಲ್ಲ, ಬಣ್ಣ ಚೆನ್ನಾಗಿರುವುದನ್ನು ಇಟ್ಟುಕೊಳ್ಳುತ್ತಾನೆ. ಅವನನ್ನು ಕೇಳದೆ ಅಂಗಿ ಕೂಡ ತರುವುದಿಲ್ಲ ನಾವು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ನನಗೆ ಆ ಕಾಗದ ಬೇಕು.

ಪುಣೆ ತಂಗಿ:
ಸರಿ ಮಾಮ. ಮಕ್ಕಳನ್ನು ನೋಡಿ ಕಾಗದ ಆರಿಸಬೇಕು, ಅಷ್ಟು ಒಪ್ಪಿದರೆ ಸಾಕು. ಇನ್ನೊಂದು, ಒಡಹುಟ್ಟಿದವರಿಗೂ ಮೊದಲೇ ಹೇಳಿ. "ನಾವಿಲ್ಲದಾಗ ಇವಳು ನೋಡಿಕೊಳ್ಳುತ್ತಾಳೆ" ಅಂತ ನೆಂಟರ ಮುಂದೆ ಅಮ್ಮ ಹೇಳಿದಾಗಲೇ ನನಗೂ ಗೊತ್ತಾದದ್ದು. ನೋಡಿಕೊಳ್ಳುತ್ತೇನೆ, ಪ್ರಶ್ನೆ ಅದಲ್ಲ. ನನ್ನನ್ನೂ ಕೇಳಬೇಕಿತ್ತು ಅಲ್ವಾ?

ಚೆಂಬೂರು ಹೋಟೆಲ್‌ನವ:
ನನಗೆ ಕಾನೂನು ಗೊತ್ತಿಲ್ಲ. ಕೆಲಸದ ಬಗ್ಗೆ ಹೇಳಬಲ್ಲೆ. ನಮ್ಮ ಹೋಟೆಲಿನಲ್ಲಿ ಒಬ್ಬ ಹುಡುಗ ಇದ್ದಾನೆ, 23 ವರ್ಷ, ಆಟಿಸಂ. ಮೊದಲು ಸಪ್ಲೈಗೆ ಹಾಕಿದ್ದೆ, ನನ್ನದೇ ತಪ್ಪು. ಮಧ್ಯಾಹ್ನದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಕೂತುಬಿಟ್ಟ. ಅವನ ಟೀಚರ್ ಬಂದು ಎರಡು ದಿನ ಅಡುಗೆಮನೆಯಲ್ಲಿ ನಿಂತು ನೋಡಿದರು. ಈಗ ಬೆಳಿಗ್ಗೆ ಆರರಿಂದ ಹತ್ತು, ಅಕ್ಕಿ ಉದ್ದು ಅಳೆದು ನೆನೆಸುವುದು, ಚಮಚ ಲೋಟ ಜೋಡಿಸುವುದು. ಅವನು ಅಳೆದ ದಿನ ಇಡ್ಲಿ ಹಿಟ್ಟು ಕೆಟ್ಟದ್ದಿಲ್ಲ. ಭಟ್ಟರು ಕಣ್ಣಳತೆಯಲ್ಲಿ ಹಾಕಿದ ದಿನ ಕೆಟ್ಟದ್ದುಂಟು. ಸಂಬಳ ಉಳಿದವರಿಗೆ ಗಂಟೆಗೆ ಎಷ್ಟೋ ಅಷ್ಟೇ. ಪುಣ್ಯದ ಕೆಲಸ ಅಂತ ಯಾರಾದರೂ ಹೇಳಿದರೆ ನನಗೆ ಕಿರಿಕಿರಿ. ಪುಣ್ಯಕ್ಕೆ ಇಟ್ಟುಕೊಂಡದ್ದಾದರೆ ಎರಡನೇ ವಾರ ಬಿಡಿಸುತ್ತಿದ್ದೆ.

ನನ್ನ ಕೋರಿಕೆ ಇಷ್ಟೇ, ಹುಡುಗನನ್ನು ಕಳಿಸುವ ಮೊದಲು ಮಾಮ ಹೇಳಿದಂಥ ಹಾಳೆ ಒಂದು ನಮಗೂ ಕೊಡಿ. ಮಿಕ್ಸರ್ ಸದ್ದು ಆಗುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಗ್ರೈಂಡರ್ ಪಕ್ಕ ನಿಲ್ಲಿಸುತ್ತಿದ್ದೆನಾ?

ಡೊಂಬಿವಲಿ ಅಮ್ಮ:
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಡಾಕ್ಟರ್ ಮಾತ್ರೆಯ ಹೊತ್ತು ಬದಲಾಯಿಸಿ ರಾತ್ರಿಗೆ ಹಾಕಿದ್ದಾರೆ, ತೂಕಡಿಕೆ ಕಡಿಮೆಯಾಗಿದೆ. ಹೆಚ್ಚಿನ ಸೆಷನ್ ಬೇಡ ಅಂದೆ. ಹಾಳೆ ಬರೆಯಲು ಕೂತೆವು, ಅರ್ಧ ನಾನು, ಅರ್ಧ ಯಜಮಾನರು. ಅವನ ಇಷ್ಟ ಅಂತ ಒಂದು ಜಾಗ ಬಿಟ್ಟು, ಪುಣೆ ತಂಗಿ ಹೇಳಿದ ಹಾಗೆ ಅವನನ್ನೇ ಕೇಳಿದೆವು. ಓಟಿ ಇಷ್ಟವಾ ಅಂದರೆ "ಥಾಣೆ ಇಷ್ಟ" ಅಂದ. ಯಾಕೆ ಅಂದರೆ ಅಲ್ಲಿ ಹತ್ತು ಪ್ಲಾಟ್‌ಫಾರ್ಮ್ ಇದೆಯಂತೆ. ಎರಡು ವರ್ಷದಿಂದ ಓಟಿಗೆ ಖುಷಿಯಿಂದ ಬರುತ್ತಾನೆ ಅಂದುಕೊಂಡಿದ್ದೆ ನಾನು.

ಶನಿವಾರ ಯಜಮಾನರು ಒಬ್ಬರೇ ಕರೆದುಕೊಂಡು ಹೋದರು. ನಾನು ಮಲಗಿದ್ದೆ, ಹಗಲು ಹೊತ್ತು. ಮೂರು ಸಲ ಫೋನ್ ಬಂತು, ಮೂರನೆಯದು ನೀರಿನ ಬಾಟಲಿ ಯಾವುದು ಅಂತ. ಅದನ್ನೂ ಹಾಳೆಗೆ ಸೇರಿಸಿದೆ.

ಮುಂದಿನ ವಾರ ಕಲೆಕ್ಟರ್ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬರುತ್ತೇವೆ, ಇನ್ನೂ ಸಮಯ ಇದ್ದರೂ. ಮಾಮ, ಏನೇನು ಒಯ್ಯಬೇಕು?

ಮುಲುಂಡ್ ಮಾಮ:
ಯುಡಿಐಡಿ, ಆಧಾರ್, ಜನನ ಪತ್ರ, ಮೂರ್ನಾಲ್ಕು ಜೆರಾಕ್ಸ್. ಕಾರ್ಡಿನ ಅವಧಿ ಎಂದು ಮುಗಿಯುತ್ತದೆ ಅದನ್ನೂ ನೋಡಿಕೊಳ್ಳಿ. ಫೋಟೋ ಆರು ಇರಲಿ. ಒಂದು ಗೋಂದು ಡಬ್ಬಿಯನ್ನೂ ಇಟ್ಟುಕೊಳ್ಳಿ, ನಾನು ಹೋದಾಗ ಅಲ್ಲಿ ಇರಲಿಲ್ಲ.